ಸೆರೆಯಾದವರ ಹೆಸರು ಕೇಳಿ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ,

2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಸೇನೆಗೂ ಕ್ಷಿಪ್ರ ಬೆಂಬಲ ಪಡೆ ಎಂಬ ಅರೆಸೇನಾ ಪಡೆಗೂ (ಆರ್‌ಎಸ್‌ಎಫ್) ಯುದ್ಧ ಹತ್ತಿಕೊಂಡಾಗ, ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಕೆಲವರು ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ ಸಿಲುಕಿದ್ದರು. ತಮ್ಮ ಸಚಿವಾಲಯ ‘ಆಪರೇಷನ್ ಕಾವೇರಿ’ಯ ಮೂಲಕ 3,800ಕ್ಕೂ ಹೆಚ್ಚು ಜನರನ್ನು ಆ ದೇಶದಿಂದ ಹೊರತಂದಿತು, ಬಹುಪಾಲು ಜನರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ. ಬಂದ ಪ್ರತಿಯೊಬ್ಬರ ಹೆಸರೂ ಒಂದು ಪಟ್ಟಿಯಲ್ಲಿತ್ತು. ಅದಕ್ಕಾಗಿ ನನಗೆ ಇಂದಿಗೂ ಕೃತಜ್ಞತೆಯಿದೆ. ಈ ಪತ್ರ ಬರೆಯಲು ಆ ಪಟ್ಟಿಯೇ ಕಾರಣ.

ನಮ್ಮವರು ಬಿಟ್ಟುಬಂದ ಆ ಊರಿಗೆ ಮುಂದೇನಾಯಿತು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ಕನ್ನಡದಲ್ಲಿ ಇದನ್ನು ಓದಿದವರು ಕಡಿಮೆ. 2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2736ನೇ ನಿರ್ಣಯ ಅಂಗೀಕರಿಸಿ ಮುತ್ತಿಗೆ ನಿಲ್ಲಿಸುವಂತೆ ಹೇಳಿತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಗರದ ಸುತ್ತ ಹತ್ತಾರು ಕಿಲೋಮೀಟರ್ ಉದ್ದದ ಮಣ್ಣಿನ ದಿಬ್ಬ ಎದ್ದಿತು. ಒಳಗೆ ಉಳಿದವರು ‘ಅಂಬಾಜ್’ ತಿಂದು ಜೀವ ಹಿಡಿದುಕೊಂಡರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ, ದನಕರುಗಳ ಮುಂದೆ ಇಡುವಂಥದ್ದು. ಕೊನೆಕೊನೆಗೆ ಅದೂ ದುರ್ಲಭವಾಯಿತು.

2025ರ ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು ಎಂಬ ವರದಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟಿತು. ತಪ್ಪಿಸಿಕೊಂಡವರು ಸುಮಾರು 60 ಕಿಲೋಮೀಟರ್ ದೂರದ ತವಿಲಾ ಕಡೆಗೆ ನಡೆದರು. ದಾರಿಯಲ್ಲಿ ಗಂಡಸರನ್ನೂ ಹುಡುಗರನ್ನೂ ಬೇರೆ ನಿಲ್ಲಿಸಿದರು. ಕೆಲವರನ್ನು ಅಲ್ಲಿಯೇ ಕೊಂದರು, ಕೆಲವರನ್ನು ಹಿಡಿದಿಟ್ಟು ಬಂಧುಗಳಿಗೆ ಫೋನ್ ಮಾಡಿಸಿ ಒತ್ತೆಹಣ ಕೇಳಿದರು. ತವಿಲಾ ತಲುಪಿದ ತಾಯಂದಿರ ಜೊತೆ ಅವರದಲ್ಲದ ಮಕ್ಕಳೂ ಇದ್ದರು. ದಾರಿಯಲ್ಲಿ ಒಂಟಿಯಾಗಿ ಸಿಕ್ಕವರು. ಆ ಮಕ್ಕಳ ತಂದೆ ಎಲ್ಲಿದ್ದಾನೆ? ಸತ್ತಿದ್ದಾನೋ, ಯಾವುದಾದರೂ ಗೋದಾಮಿನಲ್ಲಿ ಕೂಡಿಹಾಕಲ್ಪಟ್ಟಿದ್ದಾನೋ? ಹೇಳಬಲ್ಲ ಪಟ್ಟಿ ಎಲ್ಲಿಯೂ ಇಲ್ಲ.

ಇದು ಒಂದೇ ಪಕ್ಷದ ತಪ್ಪು ಎಂದು ನಾನು ಹೇಳುತ್ತಿಲ್ಲ. 2025ರ ಮಾರ್ಚ್‌ನಲ್ಲಿ ಸೇನೆ ರಾಜಧಾನಿ ಖಾರ್ಟೂಮ್ ಅನ್ನು ಆರ್‌ಎಸ್‌ಎಫ್‌ನಿಂದ ಮರಳಿ ಪಡೆದ ಮೇಲೆ, ‘ಶತ್ರುವಿಗೆ ನೆರವಾದವರು’ ಎಂಬ ಆರೋಪದ ಮೇಲೆ ನಾಗರಿಕರನ್ನು ಹಿಡಿದು ವಿಚಾರಣೆಯಿಲ್ಲದೆ ಕೊಂದ ವರದಿಗಳು ಬಂದವು. ಆರ್‌ಎಸ್‌ಎಫ್ ಹಿಡಿತದ ಬೀದಿಯಲ್ಲಿ ಮನೆ ಬಿಡದೆ ಉಳಿದದ್ದೇ ಅನೇಕರ ಅಪರಾಧವಾಯಿತು.

ಅಂತರ್ಯುದ್ಧ ಆ ದೇಶದ ಒಳಗಿನ ವಿಷಯ ಎಂದು ಹೇಳುವವರಿದ್ದಾರೆ. 1949ರ ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಇರುವ 3ನೇ ವಿಧಿ ಬರೆದದ್ದೇ ಇಂತಹ ಯುದ್ಧಗಳಿಗಾಗಿ. ಆಯುಧ ಕೆಳಗಿಟ್ಟವರನ್ನು, ಗಾಯಗೊಂಡವರನ್ನು, ಸೆರೆಯಾದವರನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕು, ಒತ್ತೆ ಇಟ್ಟುಕೊಳ್ಳಬಾರದು, ನ್ಯಾಯಾಲಯದ ತೀರ್ಪಿಲ್ಲದೆ ಕೊಲ್ಲಬಾರದು. ಇದು ಸರ್ಕಾರಕ್ಕೂ ಅದರ ವಿರುದ್ಧ ನಿಂತವರಿಗೂ ಅನ್ವಯಿಸುತ್ತದೆ. 1ನೇ ವಿಧಿಯನ್ನಂತೂ ತಾವು ಬಲ್ಲಿರಿ: ಸಹಿ ಹಾಕಿದ ದೇಶ ತಾನು ಪಾಲಿಸಿದರೆ ಸಾಲದು, ಇತರರೂ ಪಾಲಿಸುವಂತೆ ನೋಡಿಕೊಳ್ಳಬೇಕು. ಭಾರತ ಅದಕ್ಕೆ ಬದ್ಧವಾಗಿದೆ.

ಹಾಗಾಗಿ ನನ್ನ ಬೇಡಿಕೆ ಒಂದೇ. ಹಿಡಿದಿಟ್ಟಿರುವ ಪ್ರತಿಯೊಬ್ಬರ ಹೆಸರನ್ನು ಬರೆದು ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಗೆ ಕೊಡುವಂತೆ, ಆ ಸಮಿತಿಯನ್ನು ಸೆರೆಮನೆಗಳೊಳಗೆ ಬಿಡುವಂತೆ ಎರಡೂ ಪಡೆಗಳನ್ನು ಭಾರತ ಬಹಿರಂಗವಾಗಿ ಒತ್ತಾಯಿಸಲಿ. ಹೆಸರು ದಾಖಲಾದ ಸೆರೆಯಾಳನ್ನು ಸದ್ದಿಲ್ಲದೆ ಕೊಲ್ಲುವುದು ಕಷ್ಟ. ಕದನವಿರಾಮದ ಮಾತುಕತೆ ಎಷ್ಟು ಕಾಲ ಎಳೆಯುತ್ತದೋ ಯಾರಿಗೂ ತಿಳಿಯದು. ಹೆಸರು ಬರೆಯಲು ಅದು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಆರ್‌ಎಸ್‌ಎಫ್‌ಗೆ ಶಸ್ತ್ರ ಹೋಗುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2024ರಲ್ಲಿ ಹೇಳಿತ್ತು. ಅಬುಧಾಬಿ ಅದನ್ನು ಅಲ್ಲಗಳೆದಿದೆ. ಅಲ್ಲಿನ ನಾಯಕರೊಡನೆ ಭಾರತಕ್ಕಿರುವಷ್ಟು ಸಲಿಗೆ ಹೆಚ್ಚು ದೇಶಗಳಿಗಿಲ್ಲ. ಈ ಪಟ್ಟಿಯ ಮಾತನ್ನು ಅವರ ಮೂಲಕವೂ ದಾಟಿಸಬಹುದು. ಗಡಿ ದಾಟಿ ಚಾಡ್‌ನ ಆದ್ರೆ ಊರು ಸೇರಿರುವ ನಿರಾಶ್ರಿತರಿಗೆ ಧಾನ್ಯ, ಔಷಧಿ ಕಳಿಸುವುದಂತೂ ನಮ್ಮ ಕೈಯಲ್ಲೇ ಇದೆ.

ಸುಡಾನ್‌ಗೆ ನಾವು ಹೊರಗಿನವರಲ್ಲ. 1953ರಲ್ಲಿ ಅಲ್ಲಿನ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ‘ಸುಡಾನ್ ಬ್ಲಾಕ್’ ಎದ್ದದ್ದು, ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಮಡಿದ ಭಾರತೀಯ ಯೋಧರ ನೆನಪಿಗೆ ಸುಡಾನ್ ಕೊಟ್ಟ ಹಣದಿಂದ. ನಮ್ಮ ಸತ್ತವರನ್ನು ಅವರು ಹಾಗೆ ನೆನೆದರು.

ತಮ್ಮ ಮುಂದಿನ ಹೇಳಿಕೆಯಲ್ಲಿ ‘ಎಲ್ ಫಾಶರ್‌ನಲ್ಲಿ ಹಿಡಿದವರ ಹೆಸರು ಕೊಡಿ’ ಎಂಬ ಒಂದು ಸಾಲು ಇರುತ್ತದೆಯೇ ಎಂದು ಕಾಯುತ್ತಿರುತ್ತೇನೆ.

ವಿಶ್ವಾಸಪೂರ್ವಕವಾಗಿ,
ಒಬ್ಬ ಕನ್ನಡಿಗ