6 ಅಂಕದ ಪದ

ಪ್ರೀತಿಯ ಪುಟ್ಟಿ,

ಮನೆಯ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಒಂದು ಸಾಲು ರಾತ್ರಿಯಿಡೀ ಕೊರೆಯಿತು. 'ನನಗೆ ಇಂಗ್ಲಿಷ್ ಬರಲ್ಲ ಅಂತ ಒಂದಿನ ಎಲ್ಲರಿಗೂ ಗೊತ್ತಾಗಿಬಿಡುತ್ತೆ ದೊಡ್ಡಪ್ಪ.' ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಆಟದಲ್ಲಿ ಯಾರೋ 'ಎಫ್ಟ್' ಎಂದು ಮೂರು ಬಿಲ್ಲೆ ಇಟ್ಟರು. ಅಂಥ ಪದವೇ ಇಲ್ಲ ಅಂತ ನೀನು ಅಂದೆ. ನಕ್ಕರು. ಅಷ್ಟೇ ಅಲ್ವಾ?

30 ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೂ ಗೊತ್ತಿರಲಿಲ್ಲ ಮಾರಾಯ್ತಿ. ಡಿಕ್ಷನರಿ ತೆಗೆದೆ. ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ಬಳಗದ ಪುಟ್ಟ ಪ್ರಾಣಿ. ಹಳೆ ಇಂಗ್ಲಿಷಿನಲ್ಲಿ 'ಎಫೆಟ'. ಅದೇ ಸವೆದು ಒಂದು ಕಡೆ 'ಎಫ್ಟ್' ಆಯಿತು, ಇನ್ನೊಂದು ಕಡೆ 'ಎವ್ಟ್'. ಜನ 'ಆ್ಯನ್ ಎವ್ಟ್' ಅನ್ನುತ್ತಾ ಅನ್ನುತ್ತಾ ಆ 'ನ್' ಜಾರಿ ಮುಂದಿನ ಪದಕ್ಕೆ ಅಂಟಿಕೊಂಡಿತು. ಅದೇ ಇವತ್ತಿನ 'ನ್ಯೂಟ್'. ತಪ್ಪಾಗಿ ಕೇಳಿಸಿಕೊಂಡದ್ದು ಊರಿಗೆಲ್ಲ ಗೊತ್ತು, ಸರಿಯಾಗಿ ಉಳಿದದ್ದನ್ನು ಕೇಳುವವರಿಲ್ಲ!

ಅಮೆರಿಕದ ನಿಮ್ಮ ವರ್ಮಾಂಟಿನ ಕಾಡಿನಲ್ಲಿ ಮಳೆ ಬಿದ್ದ ಮೇಲೆ ಕಿತ್ತಳೆ ಬಣ್ಣದ ಎಫ್ಟ್ ತರಗೆಲೆ ಮೇಲೆ ಓಡಾಡುತ್ತದಂತೆ. ನೀರಲ್ಲಿ ಹುಟ್ಟಿ, ಕೆಲವು ವರ್ಷ ನೆಲದ ಮೇಲಿದ್ದು, ಮತ್ತೆ ನೀರಿಗೆ. ತಮಾಷೆ ನೋಡು, 'ಮತ್ತೆ' ಅನ್ನುವುದಕ್ಕೂ ಹಳೆ ಇಂಗ್ಲಿಷಿನಲ್ಲಿ 'ಎಫ್ಟ್' ಎಂದೇ ಇತ್ತು. ಆದರೆ ಅದು ಬೇರೆ ಪದ, 'ಆಫ್ಟರ್'ನ ನೆಂಟ.

ಎಲ್ಲಿಗೋ ಹೋದೆ. 'ಗೊತ್ತಾಗಿಬಿಡುತ್ತೆ' ಅಂದೆಯಲ್ಲ, ಆ ಭಯವನ್ನು ನಾನೇ ಒಬ್ಬ ಹುಡುಗನಿಗೆ ಅಂಟಿಸಿದ್ದೇನೆ. 8ನೇ ಕ್ಲಾಸು. 'ಐಲ್ಯಾಂಡ್' ಅನ್ನು 'ಇಸ್ಲ್ಯಾಂಡ್' ಎಂದು ಓದಿದ. ನಾನು ನಕ್ಕೆ, ಕ್ಲಾಸೂ ನಕ್ಕಿತು. ಅವನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತ. ಕಿವಿ ಮಾತ್ರ ಕಾಣುತ್ತಿತ್ತು, ಕೆಂಪಗೆ. ಆ ವರ್ಷ ಮತ್ತೆ ಓದಲು ಏಳಲಿಲ್ಲ. ಆ 'ಎಸ್' ಮೊದಲು ಅಲ್ಲಿ ಇರಲೇ ಇಲ್ಲ, ಫ್ರೆಂಚಿನಿಂದ ಬಂದ, ಬರೆಯುವಾಗ 'ಎಸ್' ಇರುವ 'ಐಲ್' (ಅದೂ ದ್ವೀಪವೇ) ಪದ ನೋಡಿ ಓದುಬರಹ ಬಲ್ಲವರೇ ತುರುಕಿದ್ದು ಅಂತ ರಿಟೈರ್ ಆದ ಮೇಲೆ ಓದಿದೆ. ಅವನಿಗೆ ಹೇಳೋಣವೆಂದರೆ ಎಲ್ಲಿದ್ದಾನೋ.

ಇಂಥವನು ನಿನಗೇನು ಬುದ್ಧಿ ಹೇಳಲಿ? ಗೊತ್ತಾದರೆ ಗೊತ್ತಾಗಲಿ. 'ಹಾಗಂದರೇನು' ಅಂತ ಕೇಳಿಬಿಡು. ಆಟಕ್ಕೆ ಹೋಗುವುದನ್ನು ಬಿಡಬೇಡ. ಸುಮ್ನೆ ಲೆಕ್ಕ ಹಾಕಿದೆ, ಎಫ್ಟ್‌ಗೆ ಬರುವುದು ಬರೀ 6 ಅಂಕ. ಅದಕ್ಕೆ ಅತ್ತೆಯಾ?

ಮಳೆ ಬಂದ ದಿನ ಕಾಡಿನ ಕಡೆ ಹೋದರೆ ಒಂದು ಫೋಟೋ ಕಳಿಸು. ನಾನಿನ್ನೂ ಆ ಪ್ರಾಣಿಯನ್ನು ನೋಡಿಲ್ಲ.

ನಿನ್ನ ದೊಡ್ಡಪ್ಪ