ಕಲಮುಗಳ ಪಟ್ಟಿ ಸಾಲದು

ಮಾನ್ಯರೇ,

ಆರೋಗ್ಯ ಕಾನೂನಿನ ತೌಲನಿಕ ಅಧ್ಯಯನವೆಂದರೆ ನಾಲ್ಕು ದೇಶಗಳ ಕಲಮುಗಳನ್ನು ಅಕ್ಕಪಕ್ಕ ಬರೆದಿಡುವುದು ಎಂಬಂತಾಗಿದೆ. ಇದು ದಾರಿ ತಪ್ಪಿಸುವುದೇ ಹೆಚ್ಚು. ಸ್ಪೇನ್‌ನ 1979ರ ಅಂಗಾಂಗ ಕಸಿ ಕಾಯ್ದೆಯನ್ನಷ್ಟೇ ಓದಿದವರು, ಬದುಕಿದ್ದಾಗ ಬೇಡವೆನ್ನದ ಎಲ್ಲರೂ ಅಲ್ಲಿ ಅಂಗದಾನಿಗಳೇ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ವೈದ್ಯರು ಕುಟುಂಬದವರನ್ನು ಕೇಳಿಯೇ ಮುಂದುವರಿಯುತ್ತಾರೆ. ಅಲ್ಲಿನ ಯಶಸ್ಸಿನಲ್ಲಿ ಕಾಯ್ದೆಗಿಂತ ಆಸ್ಪತ್ರೆಗಳಲ್ಲಿರುವ ತರಬೇತಾದ ಅಂಗದಾನ ಸಂಯೋಜಕರ ಪಾಲು ದೊಡ್ಡದು.

ಪದಗಳೂ ಮೋಸ ಮಾಡುತ್ತವೆ. ಚಿಕಿತ್ಸೆಗೆ ರೋಗಿಯ ‘ಒಪ್ಪಿಗೆ’ ಎಲ್ಲೆಡೆ ಇದೆ, ಅಳತೆಗೋಲು ಬೇರೆ. ರೋಗಿಗೆ ಎಷ್ಟು ತಿಳಿಸಬೇಕೆಂಬ ಪ್ರಶ್ನೆಗೆ ಭಾರತದ ಸುಪ್ರೀಂ ಕೋರ್ಟ್ 2008ರಲ್ಲಿ ವೈದ್ಯವೃತ್ತಿ ಸರಿಯೆಂದು ಒಪ್ಪುವಷ್ಟು ಎಂದಿತು. ಬ್ರಿಟನ್‌ನದು 2015ರಲ್ಲಿ, ಆ ರೋಗಿಗೆ ಮುಖ್ಯವೆನಿಸುವ ಅಪಾಯಗಳನ್ನು ಹೇಳಲೇಬೇಕು ಎಂದಿತು.

ಹಾಗಾಗಿ ಪಾಠ ಕಾಯ್ದೆಯಿಂದಲ್ಲ, ಘಟನೆಯಿಂದ ಶುರುವಾಗಲಿ. ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯೊಳಗೆ ಬಟ್ಟೆಯ ತುಂಡು ಉಳಿದಿದೆ ಎನ್ನೋಣ. ದೂರು ಎಲ್ಲಿಗೆ, ಎಷ್ಟು ವರ್ಷದೊಳಗೆ? ಹಣ ಕೊಡುವವರು ಯಾರು? ತಪ್ಪನ್ನು ಸಾಬೀತುಪಡಿಸಬೇಕೇ? (ನ್ಯೂಜಿಲೆಂಡ್‌ನಲ್ಲಿ ಬೇಕಿಲ್ಲ, ಅಲ್ಲಿ ಸಾರ್ವಜನಿಕ ಅಪಘಾತ ಪರಿಹಾರ ಯೋಜನೆಯೇ ಭರಿಸುತ್ತದೆ.) ಒಂದೊಂದು ದೇಶಕ್ಕೂ ಇದೇ ಪ್ರಶ್ನೆಗಳನ್ನು ಹಾಕಿ, ತೀರ್ಪುಗಳ ಜೊತೆಗೆ ಆಸ್ಪತ್ರೆಯ ಒಪ್ಪಿಗೆ ಪತ್ರವನ್ನೂ ವಿದ್ಯಾರ್ಥಿಗಳ ಕೈಗೆ ಕೊಡಬೇಕು.