ಕೊರಿಯರ್ ಆಯ್ಕೆಯ ಹೊಸ ನಿಯಮಗಳ ಕುರಿತು

ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಸೋಮವಾರದಿಂದ ನಮ್ಮ ಆನ್‌ಲೈನ್ ಆರ್ಡರ್‌ಗಳನ್ನು ಯಾವ ಕೊರಿಯರ್‌ನಲ್ಲಿ ಕಳಿಸಬೇಕೆಂಬುದನ್ನು ಪಿನ್‌ಕೋಡ್, ತೂಕ ಮತ್ತು ಪಾವತಿ ವಿಧಾನ ನೋಡಿ ತಂತ್ರಾಂಶವೇ ನಿರ್ಧರಿಸಲಿದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳಿಗೆ ಸ್ಪೀಡ್ ಪೋಸ್ಟ್ ಎಂಬ ನಿಯಮವನ್ನು ಪಟ್ಟಿಯ ಮೊದಲಿಗೇ ಇಟ್ಟಿದ್ದು, ಮೇಲಿನಿಂದ ಮೊದಲು ಹೊಂದಿಕೆಯಾದ ನಿಯಮವೇ ಜಾರಿಯಾಗುವುದರಿಂದ ದಯವಿಟ್ಟು ಯಾರೂ ಆ ಕ್ರಮವನ್ನು ಬದಲಿಸಬಾರದು.

ಸರಕು ಕಳಿಸುವವರೆಲ್ಲರೂ ಶನಿವಾರ ಸಂಜೆಯೊಳಗೆ, ಪ್ಯಾಕ್ ಮಾಡಿದ ಪೆಟ್ಟಿಗೆಯ ತೂಕದ ಜೊತೆಗೆ ಅದರ ಉದ್ದ, ಅಗಲ, ಎತ್ತರಗಳನ್ನೂ ನಮೂದಿಸಬೇಕು. 30×25×20 ಸೆಂ.ಮೀ. ಪೆಟ್ಟಿಗೆಯಲ್ಲಿ ಇರುವುದು ಒಂದೇ ಕಿಲೋ ಹಲಸಿನ ಹಪ್ಪಳವಾದರೂ, ಕೊರಿಯರ್‌ನವರು ಗಾತ್ರವನ್ನು (ಉದ್ದ×ಅಗಲ×ಎತ್ತರ) 5000ದಿಂದ ಭಾಗಿಸಿ ತೂಕವೆಂದು ಪರಿಗಣಿಸುವ ಲೆಕ್ಕದಲ್ಲಿ 3 ಕಿಲೋ ದರ ಬೀಳುತ್ತದೆ. (ಕಳೆದ ತಿಂಗಳು ನನ್ನ ಲಾಭವೆಲ್ಲ ಹೋದದ್ದು ಹೀಗೆಯೇ.) ಮಿಡಿ ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ‘ಒಡೆಯುವ ವಸ್ತು’ ಎಂದು ಗುರುತಿಸುವುದನ್ನು ಮರೆಯಬೇಡಿ. ನಮೂದಿಸಿದವರು ಇಲ್ಲಿಯೇ ‘ಆಯಿತು’ ಎಂದು ತಿಳಿಸಬೇಕಾಗಿ ವಿನಂತಿ.